ತೀರಿಸಬಹುದಾದ ಋಣ

ಮುಂಬಯಿ ಬಳಿಯ ಬದಲಾಪುರದ ನಲ್ಲಿಗಳಿಗೆ ಬರುವುದು ಉಲ್ಲಾಸ ನದಿಯ ನೀರು. ಆದರೆ ಅದರಲ್ಲೊಂದು ಪಾಲು ಹುಟ್ಟಿನಿಂದ ಭೀಮೆಯದು. ಘಟ್ಟದ ಮೇಲಿನ ಮಾವಳ ಸೀಮೆಯಲ್ಲಿ ಆಂಧ್ರಾ ಎಂಬ ಪುಟ್ಟ ನದಿಗೆ ಠೋಕರವಾಡಿಯಲ್ಲಿ ಟಾಟಾ ಕಂಪನಿ ಅಣೆಕಟ್ಟು ಕಟ್ಟಿ, ನೀರನ್ನು ಪಶ್ಚಿಮಕ್ಕೆ ತಿರುಗಿಸಿ ಸಹ್ಯಾದ್ರಿಯಿಂದ ಕೆಳಗಿಳಿಸಿತು. 1922ರಲ್ಲಿ ಭಿವಪುರಿಯ ವಿದ್ಯುದಾಗಾರ ಹೀಗೆ ಶುರುವಾಯಿತು. ಟರ್ಬೈನು ತಿರುಗಿಸಿ ಹೊರಬಿದ್ದ ನೀರು ಉಲ್ಲಾಸಕ್ಕೆ ಸೇರಿ ಬದಲಾಪುರ, ಕಲ್ಯಾಣ, ಡೊಂಬಿವಲಿಗಳ ಬಾಯಾರಿಕೆ ತಣಿಸುತ್ತದೆ. ತಡೆಯದೆ ಬಿಟ್ಟಿದ್ದರೆ ಅದು ಇಂದ್ರಾಯಣಿಯ ಮೂಲಕ ಭೀಮೆಯನ್ನು ಕೂಡಿ, ಪಂಢರಪುರ ದಾಟಿ, ಗಾಣಗಾಪುರದ ಸಂಗಮ ಹಾದು, ಕಲಬುರಗಿ, ಯಾದಗಿರಿಗಳ ಹೊಲದಂಚಿನಲ್ಲಿ ಹರಿಯುತ್ತಿತ್ತು. ಆ ಸೀಮೆಯಿಂದ ಕೂಲಿ ಅರಸಿ ಮುಂಬಯಿಯ ಸುತ್ತಮುತ್ತ ಬಂದು ನೆಲೆಸಿದ ಕನ್ನಡಿಗರು ಇಲ್ಲಿ ಕುಡಿಯುವುದು, ಒಂದರ್ಥದಲ್ಲಿ, ತಮ್ಮೂರಿಗೆ ಹೋಗಬೇಕಿದ್ದ ನೀರನ್ನೇ. ಹೊಗೆಯಿಲ್ಲದ, ಬೂದಿಯಿಲ್ಲದ ವಿದ್ಯುತ್ತಿಗೂ ಬೆಲೆ ತೆತ್ತವರಿದ್ದಾರೆ. ಇದನ್ನು ಒಪ್ಪಿಕೊಂಡೇ ಮುಂದಿನ ಪ್ರಶ್ನೆ ಕೇಳಬೇಕು: ಸೂರ್ಯ, ಗಾಳಿ, ನೀರು ಕಲ್ಲಿದ್ದಲಿನ ಜಾಗಕ್ಕೆ ನಿಜಕ್ಕೂ ಬರಬಲ್ಲವೇ?

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಮೆಗಾವಾಟುಗಳ ಲೆಕ್ಕವೆಂದು ತಿಳಿಯುತ್ತೇವೆ. ನನಗೆ ಅದಕ್ಕೂ ಮೊದಲು ಅದು ಋಣದ ಲೆಕ್ಕವಾಗಿ ಕಾಣುತ್ತದೆ. ನಮ್ಮ ಪರಂಪರೆ ಮನುಷ್ಯನನ್ನು ಹುಟ್ಟುಸಾಲಗಾರನೆಂದೇ ಕಂಡಿತು: ದೇವಋಣ, ಋಷಿಋಣ, ಪಿತೃಋಣ; ಮನುಷ್ಯಋಣವನ್ನೂ ಸೇರಿಸಿ ಹೇಳಿದ ಗ್ರಂಥಗಳುಂಟು. ಇವುಗಳಲ್ಲಿ ಪಿತೃಋಣದ ಕಲ್ಪನೆ ವಿಶೇಷವಾದದ್ದು. ಪಡೆದದ್ದು ಹಿಂದಿನವರಿಂದ, ತೀರಿಸುವುದು ಮುಂದಿನವರಿಗೆ. ಕಲ್ಲಿದ್ದಲು ಈ ಕ್ರಮವನ್ನೇ ಬುಡಮೇಲು ಮಾಡುತ್ತದೆ. ಚಂದ್ರಪುರದ ಗಣಿಗಳಲ್ಲಿರುವುದು 25 ಕೋಟಿ ವರ್ಷಗಳಿಗೂ ಹಿಂದೆ ಸಸ್ಯಗಳು ಹಿಡಿದಿಟ್ಟ ಬಿಸಿಲು. ಅದನ್ನು ಉರಿಸಿ ಒಂದು ಯೂನಿಟ್ ವಿದ್ಯುತ್ ತೆಗೆದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಸೇರುತ್ತದೆ, ಅದರಲ್ಲೊಂದು ಪಾಲು ಸಾವಿರಾರು ವರ್ಷ ಅಲ್ಲೇ ಉಳಿಯುತ್ತದೆ. ಈ ಸಾಲ ಕೊಟ್ಟವರು ಇನ್ನೂ ಹುಟ್ಟಿಲ್ಲ. ಅವರ ಒಪ್ಪಿಗೆ ಕೇಳಲಾಗದು, ಪರಿಹಾರ ಕೊಡಲಾಗದು, ಕಾಲಿಗೆ ಬಿದ್ದು ಕ್ಷಮೆ ಬೇಡಲೂ ಆಗದು. ನೀರು, ಬಿಸಿಲು, ಗಾಳಿಗಳಿಂದ ಆಗುವ ಅನ್ಯಾಯಕ್ಕಾದರೋ ಬಹುಪಾಲು ಈಗ ಬದುಕಿರುವವರೇ ಸಾಲಿಗರು. ಅವರಿಗೆ ಹೆಸರಿದೆ, ಊರಿದೆ, ಪಹಣಿ ಇದೆ. ಒಂದು ತೀರಿಸಲಾಗದ ಋಣ, ಇನ್ನೊಂದು ತೀರಿಸಬಹುದಾದ ಋಣ. ಕಲ್ಲಿದ್ದಲನ್ನು ಬಿಡಬೇಕೆಂಬ ನನ್ನ ವಾದ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಬಿಡಬೇಕೆಂಬುದು ಸರಿ, ಬಿಡಲು ಆಗುವುದೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆಗದ್ದನ್ನು ಧರ್ಮವೆಂದು ಹೇರುವುದು ಸುಳ್ಳು ಉಪದೇಶ. 2025ರ ಮಧ್ಯದ ಹೊತ್ತಿಗೆ ಭಾರತದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಪಳೆಯುಳಿಕೆ ಇಂಧನವನ್ನು ಅವಲಂಬಿಸಿರಲಿಲ್ಲ. ಆದರೂ ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಆಗಲೂ ಕಲ್ಲಿದ್ದಲಿನದೇ ಆಗಿತ್ತು. ಸೂರ್ಯ ರಾತ್ರಿ ಇರುವುದಿಲ್ಲವಲ್ಲ. ಬದಲಾಪುರದ ಒಂದು ಕಟ್ಟಡವನ್ನೇ ಊಹಿಸಿಕೊಳ್ಳಿ: ಏಳು ಮಹಡಿ, 28 ಮನೆ. ನೀರಿನ ಟಾಂಕಿ, ಲಿಫ್ಟ್ ಕೋಣೆ ಬಿಟ್ಟು ತಾರಸಿಯಲ್ಲಿ 1500 ಚದರಡಿ ಉಳಿದರೆ 15 ಕಿಲೋವಾಟ್ ಫಲಕ ಕೂಡಿಸಬಹುದು, ದಿನಕ್ಕೆ ಸರಾಸರಿ 60 ಯೂನಿಟ್ ಸಿಗುತ್ತದೆ. ಮನೆಗೆ ಆರರಂತೆ ಬೇಕಾದದ್ದು 168. ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಅದೂ ಕೊಂಕಣದ ಮಳೆಗಾಲದ ನಾಲ್ಕು ತಿಂಗಳು ಇನ್ನಷ್ಟು ಕುಗ್ಗುತ್ತದೆ. ತಾರಸಿಯೊಂದರಿಂದಲೇ ಎಲ್ಲವೂ ಆಗುತ್ತದೆ ಎನ್ನುವವರು ಲೆಕ್ಕ ಮಾಡಿಲ್ಲ. ಆದರೆ ಇಲ್ಲಿ ಬಿಸಿಲು ಕಡಿಮೆಯಾಗುವ ಅದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾತಾರಾ, ಸಾಂಗ್ಲಿಯ ಗುಡ್ಡಗಳಲ್ಲಿ, ನಮ್ಮ ಗದಗ, ಚಿತ್ರದುರ್ಗಗಳಲ್ಲಿ ಗಾಳಿ ಬಲವಾಗುತ್ತದೆ, ಕೊಯ್ನಾ ಜಲಾಶಯ ತುಂಬುತ್ತದೆ. ಮುಂಗಾರು ಒಂದು ಕೈಯಿಂದ ಕಸಿದದ್ದರಲ್ಲಿ ಬಹಳಷ್ಟನ್ನು ಇನ್ನೊಂದು ಕೈಯಿಂದ ಕೊಡುತ್ತದೆ. ಇನ್ನು ರಾತ್ರಿಯ ಮಾತು. ಹಗಲಿನ ಅಗ್ಗದ ವಿದ್ಯುತ್ತಿನಿಂದ ನೀರನ್ನು ಮೇಲಿನ ಕೆರೆಗೆ ಎತ್ತಿಟ್ಟು, ಸಂಜೆ ಕೆಳಗೆ ಬಿಡುವ ಪಂಪ್ಡ್ ಸ್ಟೋರೇಜ್ ವಿದ್ಯೆ ಇಲ್ಲಿಗೆ ಹೊಸದಲ್ಲ. ಭೀರಾದಲ್ಲಿ 150 ಮೆಗಾವಾಟಿನ ಅಂಥ ಘಟಕ 1990ರ ದಶಕದಿಂದ ಇದೆ. ಭಿವಪುರಿಯಲ್ಲಿ 1000 ಮೆಗಾವಾಟಿನ ಅಂಥದೇ ಯೋಜನೆಗೆ 2023ರಲ್ಲಿ ಮಹಾರಾಷ್ಟ್ರ ಸರಕಾರದ ಜೊತೆ ಒಪ್ಪಂದವಾಗಿದೆ.

ಕಲ್ಲಿದ್ದಲಿನ ವಿದ್ಯುತ್ತೇ ನಂಬಿಕಸ್ಥವೆಂಬ ಮಾತನ್ನೂ ಪರೀಕ್ಷಿಸಬೇಕು. 2020ರ ಅಕ್ಟೋಬರ್ 12ರಂದು ಮುಂಬಯಿ, ಠಾಣೆ, ನವಿ ಮುಂಬಯಿ ಕತ್ತಲಾದವು, ಲೋಕಲ್ ರೈಲುಗಳು ಹಳಿಯ ಮೇಲೆ ನಿಂತುಬಿಟ್ಟವು. ಅಂದು ಕೈಕೊಟ್ಟದ್ದು ಸೂರ್ಯನಲ್ಲ. ಕಳವಾ–ಪಡಘಾ ನಡುವಿನ 400 ಕೆವಿ ತಂತಿಮಾರ್ಗ. ನೆಚ್ಚಿಕೆ ಎನ್ನುವುದು ಇಂಧನವೊಂದರ ಗುಣವಲ್ಲ, ತಂತಿಜಾಲ ಮತ್ತು ಅದನ್ನು ಕಾಯುವವರ ಗುಣ. ದಕ್ಷಿಣ ಆಸ್ಟ್ರೇಲಿಯಾ 2016ರಲ್ಲಿ ತನ್ನ ಕೊನೆಯ ಕಲ್ಲಿದ್ದಲು ಸ್ಥಾವರ ಮುಚ್ಚಿತು, ಈಗ ಅದರ ವಿದ್ಯುತ್ತಿನಲ್ಲಿ ಸುಮಾರು ಶೇ 70 ಗಾಳಿ ಮತ್ತು ಬಿಸಿಲಿನದು. ಕಲ್ಲಿದ್ದಲಿನ ವಿದ್ಯುತ್ತನ್ನು ಜಗತ್ತಿಗೆ ಕಲಿಸಿದ ಬ್ರಿಟನ್ 2024ರ ಸೆಪ್ಟೆಂಬರ್ 30ರಂದು ಅದನ್ನು ಪೂರ್ತಿ ನಿಲ್ಲಿಸಿತು. ಎರಡೂ ಕಡೆ ಅನಿಲ ಇನ್ನೂ ಉರಿಯುತ್ತಿದೆ, ನಿಜ. ಕೊನೆಯ ಹತ್ತಿಪ್ಪತ್ತು ಪಾಲು ಕಷ್ಟದ್ದು, ತುಟ್ಟಿಯದು. ಹಾಗೆಂದು ಮೊದಲ ಎಂಬತ್ತು ಪಾಲನ್ನು ಮಾಡದೆ ಕೂರಲು ಅದು ಕಾರಣವಾಗದು.

ನನಗೆ ಹೆಚ್ಚು ಭಾರವೆನಿಸುವ ಆಕ್ಷೇಪ ಬೇರೆಯೇ ಇದೆ. ತೀರಿಸಬಹುದಾದ ಋಣ ಎನ್ನುತ್ತೀರಿ, ಯಾವತ್ತಾದರೂ ತೀರಿಸಿದ್ದೀರಾ? ಮುಳಶಿಯ ರೈತರು ಟಾಟಾ ಅಣೆಕಟ್ಟಿನ ವಿರುದ್ಧ ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ 1921ರಲ್ಲಿ ಸತ್ಯಾಗ್ರಹ ಹೂಡಿದರು. ಸೋತರು, ಭತ್ತದ ಗದ್ದೆಗಳು ಮುಳುಗಿದವು, 1927ರಲ್ಲಿ ಭೀರಾ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಎದ್ದುಹೋದ ಮಲೆನಾಡಿನ ಕುಟುಂಬಗಳಲ್ಲಿ ಹಕ್ಕುಪತ್ರಕ್ಕೆ ಇಂದಿಗೂ ಅಲೆಯುವವರಿದ್ದಾರೆ. ಅದೇ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ ಈಗ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಅಳಿದುಹೋದ ಕಾಡು ಯಾವ ಪರಿಹಾರಕ್ಕೂ ಮರಳದು, ಆದ್ದರಿಂದ ಅಲ್ಲಿ ನನ್ನ ವಾದವೇ ಆ ಯೋಜನೆಗೆ ಎದುರು ನಿಲ್ಲುತ್ತದೆ. ಪಾವಗಡದಲ್ಲಿ ಸ್ವಲ್ಪ ಬೇರೆ ದಾರಿ ಹಿಡಿದರು. 2050 ಮೆಗಾವಾಟಿನ ಸೌರ ಪಾರ್ಕಿಗೆ ಬೇಕಾದ ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ. ಒಡೆತನ ರೈತನಲ್ಲೇ ಉಳಿಯಿತು. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಬಾಡಿಗೆ ಬರಲಿಲ್ಲ, ಕೂಲಿಯೂ ಹೋಯಿತು. ಕಾಯಕಕ್ಕೂ ದಾಸೋಹಕ್ಕೂ ಗಂಟುಹಾಕಿದ ಶರಣರ ನಾಡಿನಲ್ಲಿ, ಭೂಮಿಯಿಲ್ಲದವನ ಕಾಯಕ ಕಿತ್ತುಕೊಂಡು ಬೆಳಕು ಹಂಚಿದರೆ ದಾಸೋಹ ಎಲ್ಲಿ ಬಂತು? ಆದರೂ ನೋಡಿ, ಇದು ಸರಿಪಡಿಸಲಾಗದ ತಪ್ಪಲ್ಲ. ಬಾಡಿಗೆಯಲ್ಲಿ ಭೂಹೀನರಿಗೂ ಪಾಲಿಡುವುದು ಒಂದು ಸರಕಾರಿ ಆದೇಶದ ಕೆಲಸ. ಸಾವಿರ ವರ್ಷ ಗಾಳಿಯಲ್ಲಿ ನಿಲ್ಲುವ ಇಂಗಾಲಕ್ಕೆ ಅಂಥ ಆದೇಶ ಹೊರಡಿಸಲು ಯಾವ ಕಚೇರಿಯಿಂದಲೂ ಆಗದು.

ಪಶ್ಚಿಮದವರು ಉರಿಸಿ ಶ್ರೀಮಂತರಾದರು, ಬಡವರ ಪಾಲಿಗೆ ಮಾತ್ರ ಸಂಯಮವೇ ಎಂದು ಕೇಳುವುದರಲ್ಲೂ ನ್ಯಾಯವಿದೆ. ಆದರೆ ಕಲ್ಲಿದ್ದಲು ಎಂದೂ ಬಡವನ ಪಕ್ಷದಲ್ಲಿ ಇರಲಿಲ್ಲ. ಬೂದಿ ಬೀಳುವುದು ಚಂದ್ರಪುರದವರ ಅಂಗಳಕ್ಕೆ, ರಾಯಚೂರಿನ ಶಕ್ತಿನಗರದವರ ಅಂಗಳಕ್ಕೆ. ಗಣಿಯಲ್ಲಿ ದುಡಿಯುವವರ ಮುಂದಿನ ಬದುಕೂ ನಾವು ಹೊರಬೇಕಾದ ಸಾಲವೇ, ಅದನ್ನು ಮರೆತು ಸ್ಥಾವರ ಮುಚ್ಚುವುದು ಅಧರ್ಮ. ಭಿವಪುರಿಯ ಹೊಸ ಯೋಜನೆಯ ಹೊತ್ತಿಗಾದರೂ ಕೇಳಬೇಕಾದ ಪ್ರಶ್ನೆಯೊಂದಿದೆ. ಒಂದೇ ನೀರನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ವಿದ್ಯುತ್ ಪಡೆಯಬಹುದಾದರೆ, ನೂರು ವರ್ಷ ಪಶ್ಚಿಮಕ್ಕೆ ಹರಿಸಿಕೊಂಡ ನೀರಿನಲ್ಲಿ ಎಷ್ಟು ಪಾಲನ್ನು ಭೀಮೆಗೆ ಮರಳಿ ಬಿಡಬಹುದು? ಬದಲಾಪುರದ ಕುಡಿಯುವ ನೀರಿಗೆ ಧಕ್ಕೆಯಾಗದಂತೆ ಆ ಲೆಕ್ಕ ಮಾಡಲು ಎಂಜಿನಿಯರುಗಳಿದ್ದಾರೆ. ಲೆಕ್ಕ ಕೇಳಬೇಕಾದವರು ನಲ್ಲಿ ತಿರುಗಿಸುವ, ಸ್ವಿಚ್ಚು ಒತ್ತುವ ಇಲ್ಲಿಯ ಜನ; ಉತ್ತರಕ್ಕೆ ಕಾಯುತ್ತಿರುವವರು ಬೇಸಿಗೆಯಲ್ಲಿ ಬತ್ತಿದ ಭೀಮೆಯ ಪಾತ್ರದಲ್ಲಿ ಒರತೆ ತೋಡುವ ಅಫಜಲಪುರದ ಸೀಮೆಯವರು.