ಅಜ್ಜನ ಕೋವಿಗೆ ಪಾರ್ಸೆಲ್ ಚೀಟಿ ಬೇಡ

ಆಯುಧಪೂಜೆಯ ದಿನ ಕಾರಿನ ಕೀ, ಲ್ಯಾಪ್‌ಟಾಪು, ಅಡುಗೆಮನೆಯ ಚಾಕು ಎಲ್ಲಕ್ಕೂ ಕುಂಕುಮ ಹಚ್ಚಿ ಮುಗಿಯುವ ಹೊತ್ತಿಗೆ ಹೊರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ: ಇದರಲ್ಲಿ ಆಯುಧ ಯಾವುದು? ಊರಿನ ಪಡಸಾಲೆಯ ಫೋಟೋದಲ್ಲಿ ಮುತ್ತಜ್ಜನ ಪಕ್ಕ ನಿಂತ ಉದ್ದ ನಳಿಗೆಯ ಕೋವಿಯನ್ನು ಕಂಡಿರುವ ಮಗುವಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಅದನ್ನು ಇಲ್ಲಿಗೆ ತರಿಸಬಾರದೇಕೆ? ಚಟ್ನಿಪುಡಿ, ಹಪ್ಪಳ, ರೇಷ್ಮೆ ಸೀರೆ, ಹಿತ್ತಾಳೆ ದೀಪ ಎಲ್ಲವೂ ಕೊರಿಯರ್‌ನಲ್ಲಿ ಬರುವಾಗ, ತಲೆಮಾರಿನಿಂದ ಸದ್ದು ಮಾಡದ ಒಂದು ಕೇಪಿನ ಕೋವಿ ಮಾತ್ರ ಏಕೆ ಬರಬಾರದು ಎಂದು ಮಗು ಕೇಳಿದರೆ ಅದರಲ್ಲಿ ತಪ್ಪೇನಿಲ್ಲ. ದೊಡ್ಡವರೂ ಹಾಗೆಯೇ ಯೋಚಿಸುವುದುಂಟು ಎಂಬುದು ಈ ಲೇಖನಕ್ಕೆ ಕಾರಣ. ತರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾನೂನು ಒಪ್ಪುವುದಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದು; ಆದರೆ ಆ ಕಾನೂನು ಸರಿಯಾಗಿಯೇ ಇದೆ ಎಂದು ಮಕ್ಕಳಿಗೆ ವಿವರಿಸುವ ಹೊಣೆಯೂ ನಮ್ಮ ಮೇಲಿದೆ.

ಈ ಆಸೆಗೆ ನೀರೆರೆಯುವುದು ನಾವು ನೆಲೆಸಿರುವ ದೇಶಗಳ ಕಾಯ್ದೆಗಳೇ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ 1898 ಅಥವಾ ಅದಕ್ಕೂ ಹಿಂದೆ ತಯಾರಾದ ಬಂದೂಕು ‘ಆ್ಯಂಟಿಕ್’. ಬಾಯಿಂದ ಮಸಿಮದ್ದು ತುಂಬುವ ಕೋವಿಯಾದರೆ ನಿನ್ನೆ ಮಾಡಿದ್ದೂ ಬಹುಮಟ್ಟಿಗೆ ಅದೇ ಗುಂಪಿಗೆ ಸೇರುತ್ತದೆ. ಪಿಸ್ತೂಲನ್ನು ಅಂಚೆಯಲ್ಲಿ ಕಳಿಸುವುದಕ್ಕೆ 1927ರಲ್ಲೇ ಕಾಯ್ದೆ ತಡೆಹಾಕಿತು; ಆ ದೇಶದ ಅಂಚೆ ಇಲಾಖೆ ಮ್ಯೂಸಿಯಂ ವಸ್ತುವೆಂದೋ ಸಂಗ್ರಹದ ವಸ್ತುವೆಂದೋ ಕಳಿಸುವ ಪುರಾತನ ಬಂದೂಕಿಗೆ ವಿನಾಯಿತಿ ಕೊಟ್ಟಿತು. ಬ್ರಿಟನ್ನಿನಲ್ಲಿ 2021ರ ನಿಯಮಗಳು 1939ರ ಸೆಪ್ಟೆಂಬರ್‌ಗಿಂತ ಹಿಂದಿನದನ್ನಷ್ಟೇ ಪುರಾತನವೆಂದು ಪರಿಗಣಿಸುತ್ತವೆ. ಹೀಗೆ ಎರಡೂ ಕಡೆ ತಯಾರಾದ ವರ್ಷಕ್ಕೆ ತೂಕವಿದೆ. ಇದನ್ನು ಓದಿದವರು ದಾರಿ ತೆರೆದಿದೆ ಎಂದು ತಿಳಿಯುತ್ತಾರೆ. ಆದರೆ ಇದೆಲ್ಲ ಪಾರ್ಸೆಲ್ ಬಂದು ಇಳಿಯುವ ಕಡೆಯ ಮಾತು. ಹೊರಡುವ ಕಡೆ ಲೆಕ್ಕವೇ ಬೇರೆ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಕೋವಿಯ ವಯಸ್ಸನ್ನಷ್ಟೇ ನೋಡಿ ಬಿಡುವುದಿಲ್ಲ, ಅದರಿಂದ ಗುಂಡು ಹಾರುತ್ತದೆಯೇ ಎಂದು ಕೇಳುತ್ತದೆ. ಹಳೆಯ ಮಾದರಿಯದೋ, ಪುರಾತನ ಮೌಲ್ಯದ್ದೋ, ಕೆಟ್ಟುಹೋದದ್ದೋ ಆಗಿ, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲಾಗದ ಆಯುಧಕ್ಕೆ ಮಾತ್ರ 45ನೇ ಕಲಂ ವಿನಾಯಿತಿ ಕೊಡುತ್ತದೆ. ಕುದುರೆ ಎಳೆದು ಕೇಪು ಸಿಡಿಸಬಲ್ಲ ಕೋವಿ ನೂರೈವತ್ತು ವರ್ಷದ್ದಾದರೂ ಲೈಸೆನ್ಸ್ ಪುಸ್ತಕದಲ್ಲಿ ಒಂಟಿ ನಳಿಗೆಯ, ಬಾಯಿಂದ ಮದ್ದು ತುಂಬುವ, ಅಂದರೆ ಎಸ್‌ಬಿಎಂಎಲ್ ಬಂದೂಕೇ. ಅದನ್ನು ದೇಶದಿಂದ ಹೊರಗೆ ಸಾಗಿಸಲು 10ನೇ ಕಲಮಿನಂತೆ ಪ್ರತ್ಯೇಕ ಲೈಸೆನ್ಸ್ ಬೇಕು. ಮನೆಯಲ್ಲಿಟ್ಟುಕೊಳ್ಳಲು ಕೊಟ್ಟ ಲೈಸೆನ್ಸ್ ಇದಕ್ಕೆ ಸಾಲದು.

ಹಾಗಾದರೆ ಹಾರದಂತೆ ಮಾಡಿಸಿ ಕಳಿಸಿದರಾಯಿತಲ್ಲ ಎನ್ನುವವರಿದ್ದಾರೆ. ಅಲ್ಲಿ ಇನ್ನೊಂದು ಕಾಯ್ದೆ ಎದುರಾಗುತ್ತದೆ. 1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಗತಕಾಲದ ಕಸುಬನ್ನೋ ಆಚಾರವನ್ನೋ ತೋರಿಸುವ ವಸ್ತುವನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟರೆ ಬೇರೆ ಯಾರೂ ರಫ್ತು ಮಾಡುವಂತಿಲ್ಲ. ಮೀರಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ವಸ್ತು ಪುರಾತನವೋ ಅಲ್ಲವೋ ಎಂಬ ತಕರಾರು ಬಂದರೆ ತೀರ್ಮಾನ ಪುರಾತತ್ವ ಸರ್ವೇಕ್ಷಣ ಇಲಾಖೆಯದು, ಕೊರಿಯರ್ ಅಂಗಡಿಯದಲ್ಲ. ಆ ಕಾಯ್ದೆಯ ಸಂಖ್ಯೆ 52. ಅದರ ಪಕ್ಕದ 53ನೇ ಸಂಖ್ಯೆಯದು, ಅದೇ ವರ್ಷದ್ದು, ವನ್ಯಜೀವಿ ಸಂರಕ್ಷಣಾ ಕಾಯ್ದೆ. ಈ ಜೋಡಿಯನ್ನು ನಾವು ಗಮನಿಸಬೇಕು. ಒಂದು ಕಾಯ್ದೆ ಕೋವಿಯ ಬೇಟೆಯನ್ನು ನಿಲ್ಲಿಸಿತು, ಇನ್ನೊಂದು ಅದರ ವಲಸೆಯನ್ನು ತಡೆಯಿತು. ನಮ್ಮ ಸೀಮೆಯಲ್ಲೇ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿ ವನ್ಯಧಾಮವಾಯಿತು. ಸೊಕ್ಕೆಯ ಮೆಕ್ಕೆಜೋಳದ ಹೊಲಕ್ಕೋ ಚನ್ನಗಿರಿಯ ಅಡಿಕೆ ತೋಟಕ್ಕೋ ನುಗ್ಗುವ ಹಂದಿಯನ್ನು ಬೆದರಿಸುವ ಬೆಳೆ ರಕ್ಷಣೆಯ ಬಂದೂಕಿಗೂ, ಹೊನ್ನಾಳಿ ಕಡೆಯ ಹಬ್ಬದಲ್ಲಿ ಗೋಡೆಗೆ ಒರಗಿಸಿ ಪೂಜಿಸುವ ಬಂದೂಕಿಗೂ ಅರ್ಥ ಬರುವುದು ಆ ಹೊಲ, ಆ ಕಾಡು, ಆ ನಿಷೇಧಗಳ ನಡುವೆ. ನ್ಯೂಜೆರ್ಸಿಯ ಬೆಂಕಿಗೂಡಿನ ಮೇಲೆ ಏರಿದರೆ ಅದು ಅಲಂಕಾರದ ಕೋಲು. ಅದನ್ನು ನೋಡಿದ ಮಗುವಿಗೆ ತನ್ನ ಮನೆತನ ಬೇಟೆಗಾರರದೆಂಬ ಹೆಮ್ಮೆ ಬರಬಹುದು. ಹೊಲ ಕಾಯಲು ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತ ರೈತನ ಚಿತ್ರ ಬರುವುದಿಲ್ಲ.

ಹಳ್ಳಿಯ ಕೋವಿಯೇನು ಮಹಾ ಕಲಾಕೃತಿಯೇ, ಅದೊಂದು ಹೊರಗೆ ಹೋದರೆ ನಾಡಿಗೆ ಏನು ನಷ್ಟ ಎಂಬ ಆಕ್ಷೇಪ ಹಗುರವಾದದ್ದಲ್ಲ. ಉತ್ತರಕ್ಕೆ ನಮ್ಮದೇ ಚರಿತ್ರೆಯಿದೆ. 1793–94ರಲ್ಲಿ ಟಿಪ್ಪು ಸುಲ್ತಾನನಿಗಾಗಿ ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿ ತಯಾರಿಸಿದ ಕಿಡಿಕಲ್ಲಿನ ಬೇಟೆ ಬಂದೂಕೊಂದು ಕಾರ್ನ್‌ವಾಲಿಸ್‌ನ ಕೈಸೇರಿ ಬ್ರಿಟನ್ನಿನಲ್ಲಿ ಉಳಿಯಿತು. ಅದು ದೇಶ ಬಿಟ್ಟು ಹೋಗುವ ಸಂಭವ ಕಂಡಾಗ, 2023ರ ಮೇ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ಅದರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಬೆಲೆ 20 ಲಕ್ಷ ಪೌಂಡು. ತಮ್ಮದಲ್ಲದ ಬಂದೂಕನ್ನೂ ತಮ್ಮ ನೆಲದಲ್ಲಿ ಉಳಿಸಿಕೊಳ್ಳಲು ಆ ದೇಶ ಕಾಯ್ದೆ ಬಳಸಿತು. ನಾವೋ, ನಮ್ಮದೇ ಬಂದೂಕನ್ನು ಗುಟ್ಟಾಗಿ ಹೊರಕ್ಕೆ ಸಾಗಿಸುವ ಉಪಾಯ ಹುಡುಕಿದರೆ, ಶ್ರೀರಂಗಪಟ್ಟಣದಿಂದ 1799ರಲ್ಲಿ ಹೋದದ್ದನ್ನು ಮರಳಿ ಕೇಳುವ ನೈತಿಕ ಬಲ ನಮಗೆಲ್ಲಿ ಉಳಿಯುತ್ತದೆ? ಅರಸನ ಬಂದೂಕು ನಾಡಿನದು, ರೈತನ ಬಂದೂಕು ಮೊಮ್ಮಗನದು ಎಂಬ ವಾದ ನನಗೆ ಒಪ್ಪಿಗೆಯಾಗದು. ಅರಸರ ಬಂದೂಕುಗಳು ಹೇಗೋ ಯಾವುದಾದರೂ ಗಾಜಿನ ಪೆಟ್ಟಿಗೆಯಲ್ಲಿ ಉಳಿಯುತ್ತವೆ. ಕಣ್ಮರೆಯಾಗುತ್ತಿರುವುದು ರೈತರವು.

ಪಾರ್ಸೆಲ್‌ನ ಅಪಾಯವನ್ನೂ ಹೇಳಬೇಕು, ಏಕೆಂದರೆ ಹಳೆಯದು ಎಂದರೆ ನಿರುಪದ್ರವಿ ಎಂಬ ನಂಬಿಕೆ ಬಹಳ ಜನರಲ್ಲಿದೆ. ತೋಟಾ ಕೋವಿಯನ್ನು ಹಿಂಬದಿ ತೆರೆದು ನೋಡಬಹುದು. ಬಾಯಿಂದ ಮದ್ದು ತುಂಬುವ ಕೋವಿಯ ಹಿಂಬದಿ ಮುಚ್ಚಿರುತ್ತದೆ. ಒಳಗೆ ಮದ್ದು, ಚರೆ ಇದೆಯೇ ಎಂದು ಹೊರಗಿನಿಂದ ತಿಳಿಯದು. ಗಟ್ಟಿಸುವ ಸಲಾಕೆಯನ್ನು ನಳಿಗೆಗೆ ಇಳಿಸಿ, ಒಳಗೆ ಹೋದ ಉದ್ದವನ್ನು ಹೊರಗಿನ ಉದ್ದದೊಡನೆ ಹೋಲಿಸಿ ನೋಡಿದರೇನೇ ಗೊತ್ತಾಗುವುದು. ಒಣಗಿದ ಮಸಿಮದ್ದು ಹತ್ತಾರು ವರ್ಷದ ನಂತರವೂ ಸಿಡಿಯಬಲ್ಲದು. ‘ಮನೆಬಳಕೆಯ ಸಾಮಾನು’ ಎಂದು ಬರೆದ ಡಬ್ಬದೊಳಗೆ ಅಂಥದ್ದೊಂದು ವಿಮಾನ ಏರುವುದನ್ನು ಯಾರೂ ಬಯಸಲಾರರು.

ಇನ್ನು ಕೊಡಗಿನ ಉದಾಹರಣೆ. 1861ರಿಂದಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಹುಟ್ಟಿಗೂ ಸಾವಿಗೂ ಕೋವಿಯ ಸದ್ದು ಬೇಕಾದ, ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಡುವ ಜನ ಅವರು. ಅಷ್ಟು ಹತ್ತಿರದ ಸಂಬಂಧಕ್ಕೂ ಆ ವಿನಾಯಿತಿ ಕೊಟ್ಟದ್ದು ಇಟ್ಟುಕೊಳ್ಳುವ, ಹಿಡಿದು ನಡೆಯುವ ಹಕ್ಕನ್ನು. ದೇಶದಾಚೆ ಒಯ್ಯುವುದು ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಕಲಂಗಳ ವಿನಾಯಿತಿಯೊಳಗೆ ಬರುವುದಿಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಬೇರೆ. ಊರಿನ ಮನೆಗೆ ಬೀಗ ಬಿದ್ದಿದೆ, ಚುನಾವಣೆ ಬಂದಾಗಲೆಲ್ಲ ಬಂದೂಕು ಠೇವಣಿ ಇಡಲು ಠಾಣೆಗೆ ಹೋಗಲು ಯಾರೂ ಇಲ್ಲ, ಅಲ್ಲಿ ತುಕ್ಕು ಹಿಡಿಯುವುದಕ್ಕಿಂತ ಇಲ್ಲಿ ಎಣ್ಣೆ ಹಚ್ಚಿ ಇಡುವುದು ಮೇಲಲ್ಲವೇ? ಇದರ ಹಿಂದಿನ ನೋವು ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ, ಇಲ್ಲವೇ ಅವರಿಗೆ ಎಪ್ಪತ್ತು ವರ್ಷ ತುಂಬಿದಾಗ ಅಥವಾ ಇಪ್ಪತ್ತೈದು ವರ್ಷ ಕೋವಿ ಇಟ್ಟುಕೊಂಡಿದ್ದಾಗ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡಲು 2016ರ ನಿಯಮಗಳಲ್ಲಿ ಅವಕಾಶವಿದೆ. ಊರಲ್ಲೇ ಉಳಿದ ತಂಗಿಯೋ ಚಿಕ್ಕಪ್ಪನ ಮಗನೋ ವಾರಸುದಾರರಾಗಿದ್ದರೆ, ನಾವು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಜಿಲ್ಲಾಧಿಕಾರಿ ಕಚೇರಿಯ ಓಡಾಟದ ಖರ್ಚನ್ನು ವಹಿಸಿಕೊಳ್ಳಬಹುದು. ಅಂಥವರು ಇಲ್ಲದಿದ್ದರೆ ಲೈಸೆನ್ಸ್ ಹೊಂದಿದ ಬಂದೂಕಿನ ಅಂಗಡಿಯಲ್ಲಿ ಠೇವಣಿ ಇಡಬಹುದು, ಚಿತ್ರದುರ್ಗ ಅಥವಾ ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಕೇಳಿ ನೋಡಬಹುದು. ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಆ ನಂಟು ಹೊಸದಲ್ಲ.

ಇಲ್ಲಿಗೆ ತರಿಸಬೇಕಾದದ್ದೂ ಒಂದಿದೆ: ಹಳೆಯ ಲೈಸೆನ್ಸ್ ಪುಸ್ತಕದ ಪ್ರತಿ, ನಳಿಗೆಯ ಮೇಲಿನ ನಂಬರು ಮತ್ತು ಮುದ್ರೆಯ ಚಿತ್ರ, ಆ ಕೋವಿ ಯಾವ ಹೊಲ ಕಾಯಿತು ಎಂದು ಬಲ್ಲ ಹಿರಿಯರ ಧ್ವನಿಮುದ್ರಿಕೆ. ಇವಕ್ಕೆ ಯಾವ ಕಸ್ಟಮ್ಸ್ ಅಡ್ಡಿಯೂ ಇಲ್ಲ. ನಮ್ಮ ಸೀಮೆಯವರು ಇಲ್ಲಿ ಕಟ್ಟಿಕೊಂಡಿರುವ ಸಂಘ ಸೀಮೆಯ ಮನೆಮನೆಗಳ ಇಂಥ ದಾಖಲೆಯನ್ನು ಈ ವರ್ಷವೇ ಕೂಡಿಹಾಕಬೇಕೆಂದು ನಾನು ಒತ್ತಾಯಿಸುತ್ತೇನೆ. ಇದರಿಂದ ಮಗುವಿನ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುತ್ತದೆಯೇ? ಇಲ್ಲ. ಕೋವಿಯನ್ನು ಊರಲ್ಲೇ ಇಡಿ ಎಂದು ಹೇಳುವ ನಾವೇ ಊರಲ್ಲಿಲ್ಲ. ವಾರಸುದಾರರ ಹೆಸರು ಬರೆಯಬೇಕಾದ ಅರ್ಜಿಯಲ್ಲಿ ಎಷ್ಟು ಮನೆತನಗಳು ಊರಿನ ವಿಳಾಸವೊಂದನ್ನು ತುಂಬಬಲ್ಲವು ಎಂಬುದು ನನ್ನನ್ನು ಕಾಡುತ್ತಲೇ ಇದೆ.