ಅಳಿಯಸಂತಾನವೂ ಆಸ್ತಿಯ ಧರ್ಮವೂ

ಹಿರಿಯರಿಂದ ಬಂದ ಭೂಮಿಯನ್ನು ಅನುಭವಿಸುವವನು ಅದರ ಒಡೆಯನೋ, ಇಲ್ಲವೆ ಮುಂದಿನವರ ಪರವಾಗಿ ಅದನ್ನು ಕಾಯುವವನೋ? ಈ ಪ್ರಶ್ನೆಯು ನ್ಯಾಯಸ್ಥಾನಗಳಲ್ಲಿ ಮಾತ್ರವೇ ಹುಟ್ಟತಕ್ಕದ್ದಲ್ಲ. ಪಾಲುಪಟ್ಟಿಯ ಕಾಗದವನ್ನು ಬಿಚ್ಚುವ ಪ್ರತಿಯೊಂದು ಮನೆಯ ಚಾವಡಿಯಲ್ಲಿಯೂ ಅದು ಹುಟ್ಟುತ್ತದೆ. ಮಂಗಳೂರು ಸೀಮೆಯ ಜನರಿಗಂತೂ ಇದು ಹೊಸ ಪ್ರಶ್ನೆಯಲ್ಲ. ಬಂಟರು, ಬಿಲ್ಲವರು, ಮೊಗವೀರರು, ಜೈನರಲ್ಲಿ ಕೆಲವರು, ಇನ್ನಿತರ ಕೆಲವು ಸಮಾಜದವರು ತಲೆತಲಾಂತರದಿಂದ ಅನುಸರಿಸಿ ಬಂದ ಅಳಿಯಸಂತಾನದ ಕಟ್ಟು ಇದಕ್ಕೆ ತನ್ನದೇ ಆದ ಉತ್ತರವನ್ನು ಕೊಟ್ಟಿದ್ದಿತು.

ಈ ಕಟ್ಟಿನ ಮೂಲವನ್ನು ಜನರು ಭೂತಾಳಪಾಂಡ್ಯನ ಕಥೆಯಲ್ಲಿ ಕಾಣುತ್ತಾರೆ. ದೇವಪಾಂಡ್ಯನೆಂಬವನು ಹಡಗುಗಳನ್ನು ಕಟ್ಟಿಸಿದಾಗ ಕುಂಡೋದರನೆಂಬ ಭೂತರಾಜನು ನರಬಲಿಯನ್ನು ಬೇಡಿದನಂತೆ. ಹೆಂಡತಿಯು ಮಕ್ಕಳನ್ನು ಕೊಡಲೊಪ್ಪದೆ ಅವರೊಡನೆ ಹೊರಟುಹೋದಳು; ಸೋದರಿ ಸತ್ಯವತಿಯು ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಭೂತವು ಮೆಚ್ಚಿ ಬಾಲಕನನ್ನು ಉಳಿಸಿತು. ಅವನೇ ಮುಂದೆ ಭೂತಾಳಪಾಂಡ್ಯನಾಗಿ, ಸ್ವತ್ತು ಮಗನಿಗಲ್ಲ, ಸೋದರಳಿಯನಿಗೆ ಸಲ್ಲತಕ್ಕದ್ದೆಂದು ವಿಧಿಸಿದನು. ಇದು ಇತಿಹಾಸವಲ್ಲ, ಐತಿಹ್ಯ. ಆದರೂ ಇದರಲ್ಲಿ ವಿಚಾರಕ್ಕೆ ಎಡೆಯುಂಟು. ಕಥೆಯು ಸೋದರಿಯ ತ್ಯಾಗವನ್ನು ಕೊಂಡಾಡುತ್ತದೆ. ಆದರೆ ಮಗನನ್ನು ಬಲಿಗೆ ಕೊಡಲೊಲ್ಲದ ತಾಯಿಯ ತಪ್ಪೇನು? ಬಲಿಗೆ ನಿಂತ ಬಾಲಕನ ಮನಸ್ಸನ್ನು ಕೇಳಿದವರಾರು? ಈ ಎರಡನೆಯ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಡುವುದೊಳ್ಳೆಯದು. ಕಟ್ಟಿನ ಗುಣವೂ ದೋಷವೂ ಅದರ ಸುತ್ತಲೇ ಸುಳಿಯುತ್ತವೆ.

ಕಟ್ಟಿನ ಕ್ರಮವೇನೆಂದರೆ: ಒಬ್ಬ ಮೂಲಸ್ತ್ರೀಯಿಂದ ಹೆಣ್ಣಿನ ಮೂಲಕ ಇಳಿದು ಬಂದವರೆಲ್ಲರೂ ಒಂದು ಕುಟುಂಬ. ಬಳಿಯು ತಾಯಿಯದು, ಮನೆಯು ತಾಯಿಯದು. ಬೈಲು, ಮಜಲು, ಬೆಟ್ಟುಗದ್ದೆಗಳೂ ತೋಟವೂ ಕುಟುಂಬಕ್ಕೆ ಸೇರಿದವು. ಇದು ನನ್ನದೆಂದು ಬೆರಳಿಟ್ಟು ತೋರಿಸಬಲ್ಲವನು ಅದರಲ್ಲಿ ಒಬ್ಬನೂ ಇಲ್ಲ. ಆಡಳಿತವು ವಯಸ್ಸಿನಲ್ಲಿ ಹಿರಿಯರಾದವರದು. ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ಒಬ್ಬ ಸದಸ್ಯನು ತನ್ನ ಅಂಶವನ್ನು ಬಲವಂತದಿಂದ ಬೇರ್ಪಡಿಸಿಕೊಳ್ಳುವಂತಿಲ್ಲವೆಂದು ಮದರಾಸು ಹೈಕೋರ್ಟು 1863ರಲ್ಲಿ ತೀರ್ಮಾನಿಸಿದ ಮೇಲೆ ಈ ಅವಿಭಾಜ್ಯತೆಯು ಮತ್ತಷ್ಟು ಗಟ್ಟಿಯಾಯಿತು. ಇದರಿಂದಾದ ಪ್ರಯೋಜನವು ಅಲ್ಪವಲ್ಲ. ಗಂಡನ ಮನೆಯಲ್ಲಿ ಬಾಳಿದವಳಿಗೂ ತಾಯಿಮನೆಯ ಹಕ್ಕು ತಪ್ಪುತ್ತಿರಲಿಲ್ಲ. ಗಂಡನು ಸತ್ತರೆ ಅವಳು ಯಾರ ದಯೆಯನ್ನೂ ಬೇಡದೆ ಮಕ್ಕಳೊಡನೆ ಹುಟ್ಟಿದ ಮನೆಯ ಮೆಟ್ಟಲೇರಬಹುದಾಗಿದ್ದಿತು. ಹೆಣ್ಣು ಹುಟ್ಟಿದರೆ ಮನೆ ಬರಿದಾಗುವುದೆಂಬ ಭಯಕ್ಕೆ ಬದಲಾಗಿ, ಹೆಣ್ಣು ಹುಟ್ಟದಿದ್ದರೆ ಮನೆ ನಿಂತುಹೋಗುವುದೆಂಬ ಭಯವಿದ್ದಿತು.

ಇಂಥ ಕಟ್ಟು ತುಳುನಾಡಿಗೆ ಮಾತ್ರವೇ ಸೇರಿದುದೆಂದು ಭಾವಿಸಬಾರದು. ನೆರೆಯ ಮಲೆಯಾಳದಲ್ಲಿ ಮರುಮಕ್ಕತ್ತಾಯವಿದ್ದಿತು. ಕಡಲಾಚೆಯ ಸುಮಾತ್ರದ ಪಶ್ಚಿಮ ಭಾಗದಲ್ಲಿ ಮಿನಂಗ್‌ಕಬಾವು ಎಂಬ ಜನರಿದ್ದಾರೆ. ಅವರು ಇಸ್ಲಾಂ ಮತದವರು. ಆದರೂ ಹಿರಿಯರ ಗದ್ದೆಯೂ ದೊಡ್ಡ ಮನೆಯೂ ಅವರಲ್ಲಿ ತಾಯಿಯ ವಂಶಕ್ಕೇ ಸೇರಿದವು, ಸೋದರಮಾವನೇ ಅವುಗಳ ಮೇಲ್ವಿಚಾರಕನು. ಆ ಭೂಮಿಯನ್ನು ಮಾರುವಂತಿಲ್ಲ. ಅಡವು ಇಡಬೇಕಾದರೂ ಸಂಪ್ರದಾಯವು ನಾಲ್ಕೇ ಕಾರಣಗಳನ್ನು ಒಪ್ಪುತ್ತದೆ: ಮನೆಯಲ್ಲಿ ಹೆಣವಿದ್ದು ಸಂಸ್ಕಾರಕ್ಕೆ ಗತಿಯಿಲ್ಲದಿರುವುದು, ಪ್ರಾಯಕ್ಕೆ ಬಂದ ಕನ್ನೆಗೆ ಮದುವೆಯಾಗದಿರುವುದು, ದೊಡ್ಡ ಮನೆಯ ಮಾಡು ಸೋರುವುದು, ಬರಿದಾಗಿ ಉಳಿದ ಕುಲದ ಹಿರಿತನವನ್ನು ಮತ್ತೆ ಎತ್ತಿ ನಿಲ್ಲಿಸುವುದು. ಯಜಮಾನನ ಸಾಲವಾಗಲಿ, ಅವನ ವ್ಯಾಪಾರದ ನಷ್ಟವಾಗಲಿ ಈ ಪಟ್ಟಿಯಲ್ಲಿಲ್ಲ. ಒಡೆಯನು ಬೇರೆ, ಕಾವಲುಗಾರನು ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಹಾಗಾದರೆ ಹಳೆಯ ಕಟ್ಟು ನಿರ್ದೋಷವಾಗಿದ್ದಿತೇ? ಇಲ್ಲ. ಮನುಷ್ಯನ ಹೃದಯವು ಬಳಿಯನ್ನು ನೋಡಿ ಪ್ರೀತಿಸುವುದಿಲ್ಲ. ಮಂಗಳೂರಿನ ಪೇಟೆಯಲ್ಲಿ ಅಂಗಡಿಯಿಟ್ಟು ದುಡಿದವನು ತನ್ನ ಸಂಪಾದನೆಯನ್ನು ವಿಲೇವಾರಿ ಮಾಡದೆ ಸತ್ತರೆ ಅದು ಅವನ ಹುಟ್ಟುಮನೆಯ ಕುಟುಂಬಕ್ಕೆ ಹೋಗುತ್ತಿದ್ದಿತು. ಅವನ ತೊಡೆಯ ಮೇಲೆ ಆಡಿದ ಮಕ್ಕಳು ಬರಿಗೈಯಲ್ಲಿ ನಿಲ್ಲುತ್ತಿದ್ದರು. ಬದುಕಿರುವಾಗಲೇ ಅವನು ಎರಡು ಮನೆಗಳ ನಡುವೆ ಹರಿದುಹೋಗುತ್ತಿದ್ದನು: ಮಕ್ಕಳಿಗೆ ಕೊಟ್ಟರೆ ಅಳಿಯಂದಿರ ಕಣ್ಣಿಗೆ ಕಳ್ಳ, ಕೊಡದಿದ್ದರೆ ಹೆಂಡತಿಯ ಕಣ್ಣಿಗೆ ಕಟುಕ. ಸ್ವಾರ್ಜಿತದ ವಿಷಯದಲ್ಲಿ ವೀಲುನಾಮೆ ಬರೆಯುವ ಅಧಿಕಾರವನ್ನು 1898ರ ಮಲಬಾರು ವೀಲುನಾಮೆ ಶಾಸನವು ಅಳಿಯಸಂತಾನದವರಿಗೂ ಸ್ಪಷ್ಟಪಡಿಸಿದುದಕ್ಕೆ ಈ ಸಂಕಟವೇ ಹಿನ್ನೆಲೆ. ಮಿನಂಗ್‌ಕಬಾವು ಜನರೂ ಇದೇ ತೊಡಕನ್ನು ಕಂಡರು. 1952ರಲ್ಲಿ ಬುಕಿಟಿಂಗಿಯಲ್ಲಿ ಮತಪಂಡಿತರೂ ಕುಲದ ಹಿರಿಯರೂ ಸಭೆ ಸೇರಿ, ಹಿರಿಯರ ಸ್ವತ್ತಿಗೆ ಕುಲಾಚಾರ, ಸ್ವಂತ ದುಡಿಮೆಗೆ ಮತಧರ್ಮದ ದಾಯಕ್ರಮ ಎಂದು ಬಗೆಹರಿಸಿಕೊಂಡರು.

ಎರಡನೆಯ ದೋಷವು ಯಜಮಾನಿಕೆಯದು. ಲೆಕ್ಕ ಕೇಳುವವರಿಲ್ಲದ ಕಡೆಯಲ್ಲಿ ಕಾವಲುಗಾರನು ಒಡೆಯನಾಗುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ. ಮೂರನೆಯದು ಇನ್ನೂ ದೊಡ್ಡದು. ಕುಟುಂಬವು ತನ್ನ ಮಕ್ಕಳನ್ನೆಲ್ಲ ಎಣಿಸಿತು. ಗದ್ದೆಯ ಕೆಸರಿನಲ್ಲಿ ನಿಂತ ಒಕ್ಕಲನ್ನು ಎಣಿಸಲಿಲ್ಲ. ಚಾಲಗೇಣಿಯವನು ಮುಡಿ ಮುಡಿ ಅಕ್ಕಿಯನ್ನು ಅಳೆದುಕೊಟ್ಟು, ಬರುವ ವರ್ಷ ಅದೇ ಗದ್ದೆಯು ತನಗುಂಟೋ ಇಲ್ಲವೋ ಎಂದು ಅಂಜುತ್ತಿದ್ದನು. ಭೂಮಿ ಯಾರೊಬ್ಬರದೂ ಅಲ್ಲವೆಂದ ಧರ್ಮವು ಅವನ ಹಟ್ಟಿಯ ಬಾಗಿಲಿನವರೆಗೆ ಹೋಗಲಿಲ್ಲ.

ಆದುದರಿಂದ ಕಾನೂನು ಬದಲಾಯಿತು, ಬದಲಾಗಬೇಕಾಗಿಯೂ ಇದ್ದಿತು. 1949ರ ಮದರಾಸು ಅಳಿಯಸಂತಾನ ಶಾಸನವು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಶಾಸನದಿಂದ ಮೃತನ ಅಂಶವು ಅವನ ಮಕ್ಕಳಿಗೂ ಹೆಂಡತಿಗೂ ತಾಯಿಗೂ ಸಲ್ಲುವಂತಾಯಿತು. ಭೂಸುಧಾರಣೆಯ ತಿದ್ದುಪಡಿಯಂತೆ 1974ನೆಯ ಮಾರ್ಚ್ 1ರಂದು ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ, ಉಳುವವನು ಒಡೆತನಕ್ಕೆ ಅರ್ಜಿ ಹಾಕುವಂತಾಯಿತು. ಅನೇಕ ಗುತ್ತುಮನೆಗಳ ಕಣಜಗಳು ಬರಿದಾದುವು. ಅನೇಕ ಒಕ್ಕಲುಮನೆಗಳ ಒಲೆಗಳು ನಿಶ್ಚಿಂತೆಯಿಂದ ಉರಿದುವು. ಮೊದಲನೆಯದಕ್ಕಾಗಿ ಮರುಗುವವನು ಎರಡನೆಯದನ್ನು ಮರೆತರೆ ಅದು ಧರ್ಮವಿಚಾರವಾಗದು.

ಆದರೆ ದೋಷವನ್ನು ಕಳೆಯುವಾಗ ಗುಣವನ್ನೂ ಕಳೆದುಕೊಳ್ಳುವುದು ಲೋಕದ ರೂಢಿ. ಇಂದು ಮಂಗಳೂರಿನಲ್ಲಿ ಗದ್ದೆಯು ಸೆಂಟ್ಸುಗಳ ಲೆಕ್ಕದಲ್ಲಿ ಬೆಲೆಯಾಗುತ್ತದೆ. ತೋಟವಿದ್ದೆಡೆ ಬಹುಮಹಡಿಗಳ ಕಟ್ಟಡಗಳೇಳುತ್ತವೆ. ತನ್ನ ಪಾಲು ತನ್ನದಾದವನು ಅದನ್ನು ಮಾರುವುದಕ್ಕೆ ಹೆಣದ, ಕನ್ನೆಯ, ಸೋರುವ ಮಾಡಿನ ಕಾರಣವನ್ನು ಹೇಳಬೇಕಾಗಿಲ್ಲ. ತಾಯಿಯ ಹೆಸರಿನಿಂದಲೇ ನಿಂತಿದ್ದ ಮನೆಗಳಲ್ಲಿ, ಮದುವೆಗೆ ಖರ್ಚಾಯಿತಲ್ಲವೇ ಎಂದು ಹೇಳಿ ತಂಗಿಯಿಂದ ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಹಾಕಿಸಿಕೊಳ್ಳುವ ಅಣ್ಣಂದಿರೂ ಇದ್ದಾರೆ. ಕಾನೂನು ಅವಳಿಗೆ ಹಕ್ಕನ್ನು ಕೊಟ್ಟಿದೆ; ಚಾವಡಿಯಲ್ಲಿ ನೆರೆದ ಬಂಧುಗಳ ಮುಖದಾಕ್ಷಿಣ್ಯವು ಅದನ್ನು ಕಸಿದುಕೊಳ್ಳುತ್ತದೆ. ಅಂದು ಬಾಲಕನ ಮನಸ್ಸನ್ನು ಯಾರೂ ಕೇಳಲಿಲ್ಲ. ಇಂದು ತಂಗಿಯನ್ನು ಕೇಳುವ ರೀತಿಯಲ್ಲಿಯೇ ಉತ್ತರವು ಅಡಗಿರುತ್ತದೆ.

ಇಷ್ಟಾದರೂ ಒಂದು ವಿಷಯವು ಗಮನಾರ್ಹವಾಗಿದೆ. ಗದ್ದೆ ತೋಟಗಳನ್ನೆಲ್ಲ ಹಂಚಿಕೊಂಡ ಅನೇಕ ಕುಟುಂಬಗಳು ತರವಾಡಿನ ಮನೆಯನ್ನೂ ದೈವದ ಚಾವಡಿಯನ್ನೂ ಹಂಚಿಕೊಂಡಿಲ್ಲ. ಮುಂಬಯಿಯಲ್ಲಿ ನೆಲೆಸಿದವರೂ ನೇಮದ ದಿನಕ್ಕೆ ಅಲ್ಲಿಗೆ ಬರುತ್ತಾರೆ, ಮಾಡು ಸೋರಿದರೆ ಕೂಡಿ ಹಣವನ್ನು ಹಾಕುತ್ತಾರೆ. ಎಲ್ಲರಿಗೂ ಸೇರಿದ, ಯಾರೊಬ್ಬರಿಗೂ ಸೇರದ ವಸ್ತುವೊಂದಿರಬೇಕೆಂಬ ಬಯಕೆಯು ಇನ್ನೂ ಸತ್ತಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಹಳೆಯ ಕಟ್ಟನ್ನು ಮತ್ತೆ ತರುವುದು ಸಾಧ್ಯವೂ ಅಲ್ಲ, ಯೋಗ್ಯವೂ ಅಲ್ಲ. ಆದರೆ ಅದರ ತಿರುಳಾದ ಕಾವಲುಗಾರನ ಧರ್ಮವು ಯಾವ ಶಾಸನದ ಕಾಲದಲ್ಲಿಯೂ ಆಚರಿಸತಕ್ಕದ್ದೇ ಆಗಿದೆ. ಪಾಲುಪಟ್ಟಿಗೆ ರುಜು ಹಾಕುವ ಮುನ್ನ, ಈ ಭೂಮಿಯ ಅನ್ನವನ್ನು ಉಂಡವರು, ಇದಕ್ಕೆ ಬೆವರು ಸುರಿಸಿದವರು, ಇದರಿಂದ ಮುಂದೆ ಬದುಕಬೇಕಾದವರು ಯಾರು ಯಾರೆಂದು ಎಣಿಸಿ, ಅವರಲ್ಲಿ ಬಾಯಿಲ್ಲದವರನ್ನು ಮೊದಲು ಕೇಳುವವನಿಗೆ, ತಾನು ಒಡೆಯನೋ ಕಾವಲುಗಾರನೋ ಎಂಬ ಸಂಶಯವು ಉಳಿಯಲಾರದು.