ಕೊಡಲಾಗದ ಬೆಳಕು

ಒಂದೇ ಕೆಲಸವನ್ನು ಮಾಡುವ ಎರಡು ವಸ್ತುಗಳಿವೆ ಎನ್ನೋಣ. ಒಂದರ ಬೆಲೆ ರೂ. 150, ಇನ್ನೊಂದರದು ರೂ. 18,000. ಎರಡನೆಯದನ್ನು ಕೊಂಡವನನ್ನು ಏನೆಂದು ಕರೆಯಬೇಕು? ಮೂರ್ಖನೆಂದೆ? ರಸಿಕನೆಂದೆ? ಅಥವಾ ನೆರೆಯವನ ಪಾಲಿನ ಏನನ್ನೋ ತನ್ನ ಕಿಸೆಗೆ ಹಾಕಿಕೊಂಡವನೆಂದೆ? ಬ್ಯಾಂಕಿನಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷ ಪರರ ಲೆಕ್ಕ ಬರೆದ ನನಗೆ ಈ ಒಂದು ಲೆಕ್ಕ ಮಾತ್ರ ಇನ್ನೂ ತಾಳೆಯಾಗಿಲ್ಲ. ಕಾರಣ, ಆ ಎರಡನೆಯ ವಸ್ತುವನ್ನು ಕೊಂಡವನು ನಾನೇ. ಅದೊಂದು ಟಾರ್ಚು. ಟೈಟಾನಿಯಂ ಲೋಹದಲ್ಲಿ ಕಡೆದ, ಹೆಬ್ಬೆರಳಿಗಿಂತ ತುಸು ಉದ್ದದ ಕಿಸೆ ಟಾರ್ಚು.

ನಮ್ಮ ಅಜ್ಜನ ಕಾಲದಲ್ಲಿ ರಾತ್ರಿಯ ದಾರಿಗೆ ಸೂಟೆಯೇ ದೀಪ. ಮಲಯಾಳದ ನೆರೆಯವರು ಅದನ್ನೇ ಚೂಟ್ಟು ಎನ್ನುತ್ತಾರೆ. ತೆಂಗಿನ ಒಣಗರಿಯನ್ನು ಸುತ್ತಿ ಬಿಗಿದು, ತುದಿಗೆ ಕಿಚ್ಚು ಹಚ್ಚಿ, ಆರದಂತೆ ಬೀಸುತ್ತ ಬೀಸುತ್ತ ಗದ್ದೆಯ ಹುಣಿಯಲ್ಲಿ ನಡೆಯುವುದು. ಆಟ ನೋಡಿ ಬರುವವರೂ ತೆಯ್ಯಂ ನೋಡಿ ಬರುವವರೂ ಹಾಗೆಯೇ ಬರುತ್ತಿದ್ದರಂತೆ. ಮನೆಗೆ ಬಂದ ನೆಂಟ ಹೊತ್ತು ಮೀರಿ ಹೊರಟರೆ ಒಂದು ಹೊಸ ಸೂಟೆ ಕಟ್ಟಿಕೊಡುವುದು ನಮ್ಮ ಮನೆಯ ಕ್ರಮವಾಗಿತ್ತು. ಅದನ್ನು ಯಾರೂ ಹಿಂದೆ ಕೇಳಿದ್ದಿಲ್ಲ. ಕೇಳುವುದಾದರೂ ಏನನ್ನು, ಬೂದಿಯನ್ನೆ? ತಂದೆಯ ಕಾಲಕ್ಕೆ ಮೂರು ಸೆಲ್ಲಿನ ಎವರೆಡಿ ಟಾರ್ಚು ಬಂತು. ಅದು ಬಾಗಿಲ ಸಂದಿನ ಮೊಳೆಯಲ್ಲಿ ತೂಗುತ್ತಿತ್ತು. ಬೇಕಾದವರು ಒಯ್ದು ಮರುದಿನ ತಂದು ತೂಗಿಸುತ್ತಿದ್ದರು. ನನ್ನ ಕಾಲಕ್ಕೆ ಟಾರ್ಚು ಮೊಳೆಯಿಂದ ಇಳಿದು ಮೇಜಿನ ಮೇಲೆ, ಚರ್ಮದ ಚೀಲದೊಳಗೆ ಕುಳಿತಿತು.

ಅದು ಬಂದ ಬಗೆಯನ್ನೂ ಹೇಳಬೇಕು. ಶಾರ್ಜಾದಲ್ಲಿರುವ ಸೋದರಳಿಯ ರಜೆಗೆ ಬರುವ ಮೊದಲು, “ಮಾವ, ನಿಮಗೇನು ತರಲಿ?” ಎಂದು ಕೇಳಿದ. ಅರ್ಧ ಹಣ ನನ್ನದೆಂಬ ಕರಾರಿನ ಮೇಲೆ ಟಾರ್ಚು ಎಂದೆ. ಮತ್ತೆ ಆರು ತಿಂಗಳು ನಡೆದದ್ದು ತುಲನೆ. ಒಂದು ಹಳೆಯ ಲೆಜ್ಜರಿನ ಹಾಳೆಯಲ್ಲಿ ಕಂಬಸಾಲು ಗೀರಿ ತೂಕ, ಉದ್ದ, ಲುಮೆನ್, ಬ್ಯಾಟರಿ, ಬೆಲೆ ಎಂದು ಬರೆದುಕೊಂಡೆ. ಹವಾಯಿಯ ಮಾವಿ ದ್ವೀಪದ ಡಾನ್ ಮೆಕ್ಲೀಷ್ ಎಂಬವರು ‘ಮೆಕ್‌ಗಿಜ್ಮೋ’ ಹೆಸರಿನಲ್ಲಿ ಮಾಡಿದ ‘ಹೈಕು’ ಎಂಬ ಟಾರ್ಚು ಸುಮಾರು 500 ಡಾಲರಿಗೆ ಮಾರಾಟವಾದದ್ದು. ಅದರ ಬೆಳಕು ಕಣ್ಣು ಕೋರೈಸುವಂಥದ್ದಲ್ಲ, ಹದವಾದದ್ದು. ಅಮೆರಿಕದ ಓಕ್ಲಹೋಮಾದಲ್ಲಿ ತಯಾರಾಗುವ ‘ಓಕ್ಲೂಮಾ’ ಕಬ್ಬಿಣದ ಗುಂಡಿನಂತೆ ಗಟ್ಟಿ. ಚೀನಾದ ‘ಎಮಿಸಾರ್ ಡಿ4’ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಟೈಟಾನಿಯಂ ಎಂದು ಹಲವು ಮೈಗಳಲ್ಲಿ ಬಂದಿದೆ. ಬೆಲೆ ಅಮೆರಿಕದವುಗಳಿಗಿಂತ ಬಹಳ ಕಡಿಮೆ. ನಾಲ್ಕು ಎಲ್ಇಡಿಗಳಿಂದ ಕೆಲವು ಸಾವಿರ ಲುಮೆನ್ ಬೆಳಕನ್ನು ಒಮ್ಮೆಗೇ ಸುರಿಯಬಲ್ಲದು, ಆದರೆ ಕೆಲವೇ ಸೆಕೆಂಡು ಮಾತ್ರ.

ಕೆಲವೇ ಸೆಕೆಂಡು ಏಕೆ ಎಂಬಲ್ಲಿ ಈ ಕತೆಯ ತಿರುಳಿದೆ. ಎಲ್ಇಡಿ ಎಷ್ಟು ಬೆಳಗುತ್ತದೋ ಅದಕ್ಕೆ ತಕ್ಕಂತೆ ಕಾಯುತ್ತದೆ. ಆ ಕಾವನ್ನು ಟಾರ್ಚಿನ ಮೈ ಹೀರಿ ಹೊರಕ್ಕೆ, ನಮ್ಮ ಅಂಗೈಗೆ, ದಾಟಿಸಬೇಕು. ದಾಟಿಸದಿದ್ದರೆ ಒಳಗಿನ ಯಂತ್ರ ತಾನಾಗಿ ಬೆಳಕನ್ನು ಇಳಿಸುತ್ತದೆ. ಟಾರ್ಚುಗಳಿಗೆ ಹೆಚ್ಚಾಗಿ ಬಳಸುವ ಟೈಟಾನಿಯಂ ಮಿಶ್ರಲೋಹದಲ್ಲಿ ನೂರಕ್ಕೆ ಆರು ಪಾಲು ಅಲ್ಯೂಮಿನಿಯಂ, ನಾಲ್ಕು ಪಾಲು ವನೇಡಿಯಂ ಇರುತ್ತದೆ. ಕಾವನ್ನು ಸಾಗಿಸುವುದರಲ್ಲಿ ಅದು ಸಾಧಾರಣ ಅಲ್ಯೂಮಿನಿಯಂ ಮಿಶ್ರಲೋಹದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟೂ ಸಮರ್ಥವಲ್ಲ. ತಾಮ್ರದ ಮುಂದಂತೂ ಹೇಳುವುದೇ ಬೇಡ. ಎಂದರೆ, ಟಾರ್ಚಿಗೆ ಬೇಕಾದ ಮುಖ್ಯ ಗುಣದಲ್ಲೇ ಅತಿ ದುಬಾರಿಯ ಲೋಹ ಅಗ್ಗದ ಲೋಹಕ್ಕೆ ಸೋಲುತ್ತದೆ! ತನ್ನೊಳಗಿನ ಕಾವನ್ನು ಕೊಡಲಾರದ ಲೋಹ ತನ್ನ ಬೆಳಕನ್ನೂ ತಗ್ಗಿಸಿಕೊಳ್ಳಬೇಕಾಗುತ್ತದೆ. ಅಲ್ಯೂಮಿನಿಯಂಗಿಂತ ಹಗುರವೂ ಅಲ್ಲ. ಒಂದು ಘನ ಸೆಂಟಿಮೀಟರಿಗೆ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಇದು ಸುಮಾರು 4.4 ಗ್ರಾಂ ತೂಗುತ್ತದೆ.

ಇದೆಲ್ಲ ತಿಳಿದ ಮೇಲೂ ನಾನು ಟೈಟಾನಿಯಂ ಟಾರ್ಚನ್ನೇ ತರಿಸಿದೆ. ತಿಳಿಯದೆ ಮಾಡಿದೆನೆಂದು ಜಾರಿಕೊಳ್ಳುವಂತಿಲ್ಲ.

ಆದರೂ ಪ್ರತಿವಾದಿಯ ಮಾತನ್ನು ಕೇಳದೆ ತೀರ್ಪು ಕೊಡಬಾರದು. ಟೈಟಾನಿಯಂ ಕಡಲ ಗಾಳಿಗೂ ಬೆವರಿಗೂ ತುಕ್ಕು ಹಿಡಿಯದು. ಮುರಿದ ಸೊಂಟಕ್ಕೆ ವೈದ್ಯರು ಅದರ ಕೀಲನ್ನು ಕೂಡಿಸುತ್ತಾರೆ, ದೇಹ ಅದನ್ನು ಹೊರಗಿನದೆಂದು ದೂಡುವುದಿಲ್ಲ. ‘ಹೈಕು’ವಿನ ಬೆಳಕಿನ ಭಾಗವನ್ನು ಮಾತ್ರ ಬಿಚ್ಚಿ, ಹೊಸ ಎಲ್ಇಡಿ ಬಂದಾಗ ಬದಲಿಸಿಕೊಳ್ಳಬಹುದು, ಮೈ ಹಾಗೆಯೇ ಉಳಿಯುತ್ತದೆ. ಮೂರು ಮಳೆಗಾಲಕ್ಕೆ ಮೂರು ಪ್ಲಾಸ್ಟಿಕ್ ಟಾರ್ಚು ಕೊಂಡು ತೋಡಿಗೆ ಎಸೆಯುವವನಿಗಿಂತ, ಮೊಮ್ಮಗನ ಕಾಲದವರೆಗೆ ಬಾಳುವ ಒಂದನ್ನು ಕೊಂಡವನು ಭೂಮಿಗೆ ಕಡಿಮೆ ಭಾರವಲ್ಲವೆ? ಇಂಥ ಟಾರ್ಚುಗಳಲ್ಲಿ ಬಣ್ಣವನ್ನು ಬಣ್ಣವಾಗಿಯೇ ತೋರಿಸುವ ಎಲ್ಇಡಿಗಳನ್ನು ಹಾಕುವುದುಂಟು. ಅದರ ಬೆಳಕಿನಲ್ಲಿ ಕಂಡ ವೀಳ್ಯದೆಲೆ ವೀಳ್ಯದೆಲೆಯ ಹಾಗೆಯೇ ಕಾಣುತ್ತದೆ. ಅಗ್ಗದ ಟಾರ್ಚಿನ ನೀಲಿಮಿಶ್ರ ಬಿಳುಪಿನಲ್ಲಿ ಮನುಷ್ಯರ ಮುಖವೂ ಹೆಣದ ಮುಖದಂತೆ. ಆದ್ದರಿಂದ ದುಬಾರಿಯಾದದ್ದೆಲ್ಲ ವ್ಯರ್ಥ ಎನ್ನುವ ಸುಲಭದ ನೀತಿಯನ್ನು ನಾನು ಒಪ್ಪಲಾರೆ.

ಈ ಲೋಹ ನಮಗೆ ಪರಕೀಯವೂ ಅಲ್ಲ. ಕೊಲ್ಲಂ ಜಿಲ್ಲೆಯ ಚವರದ ಕಡಲ ತಡಿಯಲ್ಲಿ ಇಲ್ಮನೈಟ್ ಎಂಬ ಕರಿಮರಳಿದೆ. ಕಬ್ಬಿಣವೂ ಟೈಟಾನಿಯಮ್ಮೂ ಆಮ್ಲಜನಕವೂ ಕೂಡಿದ ಅದಿರು. ತಿರುವನಂತಪುರದಲ್ಲಿ 1946ರಲ್ಲೇ ಸ್ಥಾಪನೆಯಾದ ಕಾರ್ಖಾನೆ ಅದರಿಂದ ಬಣ್ಣಕ್ಕೆ ಬೇಕಾದ ಬಿಳಿಪುಡಿಯನ್ನು ತೆಗೆಯಿತು. ನಮ್ಮ ಗೋಡೆಗಳ ಬಿಳುಪಿನಲ್ಲಿ ಇರುವುದು ಅಂಥದೇ ಪುಡಿ. ಲೋಹವನ್ನೇ ತೆಗೆಯುವ ಘಟಕ ಚವರದಲ್ಲಿ 2011ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಂದ ಹೋದ ಲೋಹದ ಮುಖ್ಯ ಉದ್ದೇಶ ರಾಕೆಟ್ಟು. ಅದೇ ಕರಾವಳಿಯ ಆಲಪ್ಪಾಡಿನ ಜನ ಮರಳಿನೊಂದಿಗೆ ತಮ್ಮ ನೆಲವೇ ಕಡಲಿಗೆ ಹೋಗುತ್ತಿದೆಯೆಂದು 2018ರ ನವೆಂಬರಿನಲ್ಲಿ ಸರದಿ ಉಪವಾಸಕ್ಕೆ ಕುಳಿತರು. ನನ್ನ ಟಾರ್ಚಿನ ಲೋಹ ಯಾವ ಕಡಲ ತಡಿಯದೋ! ಆದರೆ ಎಲ್ಲೋ ಒಂದು ಕಡೆ ಮಣ್ಣು ಅಗೆಯದೆ ಅದು ನನ್ನ ಮೇಜಿಗೆ ಬರಲಿಲ್ಲ. ಅಷ್ಟು ದೂರದಿಂದ ಬಂದದ್ದು ಯಾರ ದಾರಿಯನ್ನು ಬೆಳಗಿತು ಎಂದು ಕೇಳಿಕೊಳ್ಳುವ ಹಂಗು ನನ್ನ ಮೇಲಿದೆ.

ನನ್ನ ಟಾರ್ಚಿನ ಬಾಲದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಗಾಜಿನ ಕೊಳವೆಯೊಂದಿದೆ. ಒಳಗೆ ಟ್ರಿಟಿಯಂ ಅನಿಲ. ಹಗಲೂ ರಾತ್ರಿ ಅದು ಹಸಿರಾಗಿ ಮಿನುಗುತ್ತಿರುತ್ತದೆ, ಗುಂಡಿ ಬೇಡ, ಸೆಲ್ಲು ಬೇಡ. ಸುಮಾರು ಹನ್ನೆರಡು ವರ್ಷಕ್ಕೆ ಅದರ ಕಾಂತಿ ಅರ್ಧವಾಗುತ್ತದೆ. ಕತ್ತಲಲ್ಲಿ ಟಾರ್ಚು ಎಲ್ಲಿದೆಯೆಂದು ತಿಳಿಯಲಿಕ್ಕಾಗಿ ಅದು. ಅದರಿಂದ ದಾರಿ ಕಾಣದು, ಪಕ್ಕದ ಕನ್ನಡಕವೂ ಕಾಣದು. ‘ನಾನಿಲ್ಲಿದ್ದೇನೆ’ ಎಂದಷ್ಟೇ ಹೇಳುವ ಬೆಳಕು. ಮಲಗುವ ಮೊದಲು ಅದನ್ನು ನೋಡಿ ಸಂತೋಷಪಡುತ್ತಿದ್ದೆ.

2022ರ ಜುಲೈ ತಿಂಗಳ ಒಂದು ರಾತ್ರಿ. ಎರಡು ದಿನದಿಂದ ಕರೆಂಟಿಲ್ಲ. ಊರಿನ ಮೊಬೈಲುಗಳೆಲ್ಲ ಸತ್ತು ಬಿದ್ದಿದ್ದವು. ಹನ್ನೊಂದರ ಹೊತ್ತಿಗೆ ನೆರೆಮನೆಯ ಇಚ್ಚ ತೊಯ್ದುಕೊಂಡು ಅಂಗಳಕ್ಕೆ ಬಂದರು. “ಸಾರೇ, ಟಾರ್ಚುಂಡೋ?” ಅವರ ಉಮ್ಮನಿಗೆ ಉಸಿರು ಕಟ್ಟುತ್ತಿತ್ತು. ಅಡಕೆ ತೋಟ ದಾಟಿ, ತೋಡಿನ ಸಂಕ ದಾಟಿ, ರಸ್ತೆಯಲ್ಲಿ ನಿಲ್ಲಿಸಿದ ಜೀಪಿನವರೆಗೆ ಹೊತ್ತೊಯ್ಯಬೇಕು. ನನ್ನ ಮನೆಯಲ್ಲಿ ಎರಡು ಟಾರ್ಚು ಇದ್ದವು. ಒಂದು ಮೇಜಿನ ಮೇಲೆ ಹಸಿರಾಗಿ ಮಿನುಗುತ್ತಿತ್ತು. ಇನ್ನೊಂದು ಅಡುಗೆಮನೆಯ ಕಿಟಕಿಯಲ್ಲಿದ್ದ, ಎರಡು ಸೆಲ್ಲಿನ ಪ್ಲಾಸ್ಟಿಕ್ಕಿನದು. ನನ್ನ ಕೈ ಅಡುಗೆಮನೆಗೆ ಹೋಯಿತು.

ಯೋಚಿಸಿ ಮಾಡಿದೆನೆ? ಇಲ್ಲ. ಕೈಯೇ ಯೋಚಿಸಿತು. ಮಳೆ, ಕೆಸರು, ಗಡಿಬಿಡಿ, ತೋಡು, ಅಲ್ಲೆಲ್ಲಾದರೂ ಬಿದ್ದರೆ? ನೂರಡಿ ನೀರಿನೊಳಗೂ ಕೆಡದೆಂದು ಲೆಜ್ಜರಿನ ಹಾಳೆಯಲ್ಲಿ ನಾನೇ ಬರೆದುಕೊಂಡ ಟಾರ್ಚನ್ನು ಮಳೆಗೆ ಕೊಡಲು ಹೆದರಿದೆ. ಜೊತೆಗೆ ಹೋಗುತ್ತೇನೆಂದು ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಹೋದರೆ ಕೈಯಲ್ಲಿ ಯಾವ ಟಾರ್ಚು ಹಿಡಿಯಬೇಕೆಂಬ ಪ್ರಶ್ನೆ ಬರುತ್ತಿತ್ತಲ್ಲ.

ಮರುದಿನ ಸಂಜೆ ಇಚ್ಚ ಬಂದರು. ಉಮ್ಮ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಟಾರ್ಚನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟು, “ಸಂಕದ ಹತ್ತಿರ ಸೆಲ್ಲು ಮುಗಿಯಿತು ಸಾರೇ, ಕಾಲಲ್ಲಿ ತಡವಿಕೊಂಡು ದಾಟಿದೆವು. ಈಗ ಹೊಸತು ಹಾಕಿದ್ದೇನೆ” ಎಂದರು. ಅದರಲ್ಲಿ ದೂರಿನ ಸೊಲ್ಲಿರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು, ನಾನೂ ಏನಾದರೂ ಸಮಜಾಯಿಷಿ ಹೇಳಬಹುದಿತ್ತು. ತೊಂಬತ್ತರ ಹತ್ತಿರದ ಮುದುಕಿಯನ್ನು ಕತ್ತಲಲ್ಲಿ ಸಂಕ ದಾಟಿಸಿದ ಮನುಷ್ಯ ನನಗೆ ಎರಡು ಹೊಸ ಸೆಲ್ಲು ತಂದುಕೊಟ್ಟರು. ಒಳಗೆ ಮೇಜಿನ ಮೇಲೆ ಅದು ಮಿನುಗುತ್ತಲೇ ಇತ್ತು.

ಅಂದಿನಿಂದ ನನ್ನ ಲೆಜ್ಜರಿನ ಹಾಳೆಯಲ್ಲಿ ಒಂದು ಕಂಬಸಾಲು ಕಡಿಮೆಯಿತ್ತೆಂದು ಅನ್ನಿಸಿದೆ. ತೂಕ, ಬೆಳಕು, ಬೆಲೆ ಎಲ್ಲ ಬರೆದೆ. ಇದನ್ನು ಕೇಳಿದವರಿಗೆ ಕೊಡಬಲ್ಲೆನೆ ಎಂಬುದನ್ನು ಬರೆಯಲಿಲ್ಲ. ಬ್ಯಾಂಕಿನ ಕಪಾಟಿನಲ್ಲಿ ಈಡಿಟ್ಟ ಚಿನ್ನವನ್ನು ನಾನು ದಿನವೂ ನೋಡುತ್ತೇನೆ. ಶಾಲೆ ತೆರೆಯುವ ಜೂನಿನಲ್ಲಿ ಕೊರಳಿನ ಸರ ಬಿಚ್ಚಿಟ್ಟು ಮಕ್ಕಳ ಫೀಸು ಕಟ್ಟುವ ತಾಯಂದಿರಿದ್ದಾರೆ. ಅತಿ ಪ್ರಿಯವಾದದ್ದನ್ನೇ ಹೊತ್ತಿಗೆ ಬಿಚ್ಚಿ ಕೊಡುತ್ತಾರೆ, ಆದ್ದರಿಂದ ಅವರ ಚಿನ್ನ ಆಡಂಬರವೆನಿಸದು. ವಸ್ತುವಿನ ಬೆಲೆ ಹೆಚ್ಚಾದದ್ದು ತಪ್ಪಲ್ಲ. ಆ ಬೆಲೆ ನಮ್ಮ ಕೈಗೆ ಹೆದರಿಕೆಯಾಗಿ ಇಳಿದರೆ, ಅಲ್ಲಿಂದ ತಪ್ಪು ಮೊದಲಾಗುತ್ತದೆ. ಆಗ ವಸ್ತು ನಮ್ಮದಲ್ಲ, ನಾವು ವಸ್ತುವಿನ ಕಾವಲುಗಾರರು. ಸೂಟೆ ಉರಿದು ಮುಗಿಯುತ್ತಿತ್ತು. ಅದನ್ನು ಕಾಪಾಡುವ ಯೋಚನೆ ಅಜ್ಜನಿಗೆ ಬರುವಂತೆಯೇ ಇರಲಿಲ್ಲ. ಅವರು ನನಗಿಂತ ದೊಡ್ಡ ದಾನಿಯೆಂದು ನಾನು ಹೇಳುವುದಿಲ್ಲ. ಆದರೆ ನನಗೆ ಬಂದ ಪರೀಕ್ಷೆ ಅವರಿಗೆ ಬರಲಿಲ್ಲ, ನನಗೆ ಬಂತು, ನಾನು ಸೋತೆ.

ಟೈಟಾನಿಯಂ ಟಾರ್ಚನ್ನು ಈಗ ಬಾಗಿಲ ಸಂದಿನ ಹಳೆಯ ಮೊಳೆಯಲ್ಲೇ ತೂಗಿಸಿದ್ದೇನೆ. ಇಚ್ಚ ಎರಡು ಸಲ ಒಯ್ದಿದ್ದಾರೆ, ಹಾಲಿನ ಹುಡುಗ ಒಮ್ಮೆ. ಮೈಯಲ್ಲಿ ಗೀರುಗಳು ಬಿದ್ದಿವೆ. ಇದನ್ನು ಓದಿ ನಾನು ಸುಧಾರಿಸಿದೆನೆಂದು ಯಾರೂ ಭಾವಿಸಬೇಡಿ. ಅದು ಹೊರಗೆ ಹೋದ ರಾತ್ರಿ ಈಗಲೂ ನನಗೆ ನಿದ್ದೆ ಹತ್ತುವುದಿಲ್ಲ. ಖಾಲಿ ಮೊಳೆಯ ಕಡೆಗೆ ಎರಡು ಮೂರು ಬಾರಿ ನೋಡುತ್ತೇನೆ. ಆದರೆ ಕೇಳಿದವರಿಗೆ ಇಲ್ಲವೆಂದಿಲ್ಲ. ಇಂದು ಇದನ್ನು ಬರೆಯುವ ಹೊತ್ತಿಗೂ ಅದು ಮನೆಯಲ್ಲಿಲ್ಲ.